ಕರ್ನೆಲಿನೊಳಗೊಂದು ಕಿಟಕಿ

ನಮ್ಮ ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ಅವರಿಗೆ ನುಡಿನಮನ ನಡೆದ ದಿನ ಮಾತಾಡಿದವರೆಲ್ಲ ಒಂದೇ ಮಾತಿಗೆ ಬೇರೆ ಬೇರೆ ಶಾಲು ಹೊದೆಸಿದರು. ಅವರು ಕಣ್ಣು ಮುಚ್ಚಿ ಕೂತರೆ ಸಾಕಿತ್ತಂತೆ, ಕಂಪ್ಯೂಟರಿನ ಹೊಟ್ಟೆಯೊಳಗಿನ ತಪ್ಪು ತಾನಾಗಿ ಎದ್ದು ಬಂದು ಅವರ ಮುಂದೆ ಕೈಕಟ್ಟಿ ನಿಲ್ಲುತ್ತಿತ್ತಂತೆ. ಪ್ರಿನ್ಸಿಪಾಲರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅದನ್ನು ಧ್ಯಾನ ಎಂದರು. ದುಬಾಯಿಯಿಂದ ವಿಡಿಯೋ ಕಳಿಸಿದ ಹಳೆಯ ವಿದ್ಯಾರ್ಥಿಯೊಬ್ಬ ಅಂಥ ದೃಷ್ಟಿ ಇನ್ನು ಯಾರಿಗೂ ಬರುವುದಿಲ್ಲ ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ನನಗೆ ಕೆಮ್ಮು ಬಂತು. ಪಕ್ಕದಲ್ಲಿದ್ದ ಲೈಬ್ರರಿಯವರು ಅದನ್ನು ದುಃಖವೆಂದುಕೊಂಡು ನೀರಿನ ಬಾಟಲಿ ಕೊಟ್ಟರು. ಅದು ನಗುವಾಗಿತ್ತು.

ದುಃಖ ಇರಲಿಲ್ಲವೆಂದಲ್ಲ. ಆ ಹಾಲಿನಲ್ಲಿ ಅವರನ್ನು ನನ್ನಷ್ಟು ಕಳೆದುಕೊಂಡವರು ಬೇರೆ ಯಾರಿದ್ದರೋ ನಾನರಿಯೆ. ಆದರೆ ಇಂಥ ಹೊಗಳಿಕೆ ಕೇಳಿದ್ದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವರು ಅವರೇ. ಮೇಲಾಗಿ ಅವರು ನನಗೆ ಅಪ್ಪಣೆ ಕೊಟ್ಟು ಹೋಗಿದ್ದಾರೆ. ಅದನ್ನು ಆಮೇಲೆ ಹೇಳುತ್ತೇನೆ.

ಹೆಸರು ಬೇಡ. ಕಾಲೇಜಿನಲ್ಲಿ ಪಾಠ ಹೇಳುವ ಗಂಡಸರೆಲ್ಲ ಸರ್‌ಗಳೇ, ಆದರೂ ಬರೀ ‘ಸರ್’ ಎಂದರೆ ಅವರೊಬ್ಬರೇ. ಬಂಟ್ವಾಳದವರು. ಮನೆತನವೆಲ್ಲ ಹೋಟೆಲಿನದು. ಒಬ್ಬ ಅಣ್ಣನ ಹೋಟೆಲು ಮುಂಬಯಿಯಲ್ಲಿ, ಇನ್ನೊಬ್ಬನದು ಮಸ್ಕತ್ತಿನಲ್ಲಿ. ಇವನೊಬ್ಬ ದಾರಿ ತಪ್ಪಿ ಪಾಠ ಹೇಳಲು ಹೋದ ಎಂದು ಬಂಟ್ವಾಳ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಅವರ ಅಕ್ಕ ಎಲ್ಲರಲ್ಲೂ ದೂರುತ್ತಿದ್ದರು. ದಾರಿ ತಪ್ಪಿದರೂ ಹೋಟೆಲು ಅವರ ಮೈಯಿಂದ ಇಳಿದಿರಲಿಲ್ಲ. ಬೆಳಿಗ್ಗೆ ಬಂದವರೇ ಹಸಿ ಬಟ್ಟೆಯಲ್ಲಿ ತಮ್ಮ ಮೇಜನ್ನು ಒಂದೇ ಬೀಸಿಗೆ ಒರೆಸುತ್ತಿದ್ದರು. ಪಾಠ ಮುಗಿದ ಕೂಡಲೇ, ಸಪ್ಲೈಯರ್ ಊಟದ ಮೇಜಿನ ಪಕ್ಕ ನಿಂತು ಕೇಳುವ ಧಾಟಿಯಲ್ಲೇ, “ಮತ್ತೆಂತ ಬೇಕು?” ಎನ್ನುತ್ತಿದ್ದರು. ಸಂಶಯವಿದ್ದವರು ಕೇಳಬೇಕು, ಇಲ್ಲದವರು ಮೇಜು ಬಿಟ್ಟೇಳಬೇಕು ಎಂದು ಅರ್ಥ.

ಅವರ ಕೋಣೆಗೆ ಯಾರೇ ಬರಲಿ, ಮೊದಲು ಬೀಳುತ್ತಿದ್ದ ಮಾತು ತುಳುವಿನದು: “ಬತ್ತರಾ? ಕುಲ್ಲುಲೆ.” ಬಂದಿರಾ, ಕೂತುಕೊಳ್ಳಿ. ಉಪಕುಲಪತಿಗಳ ಕಚೇರಿಯಿಂದ ಬಂದವರಿಗೂ ಅದೇ, ನಕಲು ಹೊಡೆದು ಸಿಕ್ಕಿಬಿದ್ದ ಹುಡುಗನಿಗೂ ಅದೇ. ಕನ್ನಡ ಮಾತ್ರ ಬರುವವರು ಕಕ್ಕಾಬಿಕ್ಕಿಯಾದರೆ ಕೈಯಲ್ಲಿ ಕುರ್ಚಿ ತೋರಿಸುತ್ತಿದ್ದರು. ಬೈಯಬೇಕಾದವರನ್ನೂ ಕೂರಿಸಿಯೇ ಬೈಯುತ್ತಿದ್ದರು. ನಿಂತವನು ಹೊರಡುವ ಅವಸರದಲ್ಲಿರುತ್ತಾನೆ, ಅವನಿಗೆ ಬೈದರೆ ಬೈಗುಳ ದಂಡ ಎಂಬುದು ಅವರ ಸಿದ್ಧಾಂತ.

ನಾನು ಬೆಳ್ತಂಗಡಿಯಿಂದಾಚೆ ಘಟ್ಟದ ಬುಡದವಳು. ರಬ್ಬರ್ ಹಾಲು ಬಟ್ಟಲಿಗೆ ಎಷ್ಟು ಬಿತ್ತು ಎಂಬ ಮಾತು ಕೇಳುತ್ತ ಬೆಳೆದು, ಮೂಡುಬಿದಿರೆಯ ಸುತ್ತಲಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದಕ್ಕೆ ಪಾಠ ಹೇಳಲು ಸೇರಿದವಳು. ಅವರು ಆಪರೇಟಿಂಗ್ ಸಿಸ್ಟಮ್ ಕಲಿಸುತ್ತಿದ್ದರು, ನಾನು ಅದರ ಲ್ಯಾಬ್ ನೋಡುತ್ತಿದ್ದೆ. ಸೇರಿದ ಹೊಸತರಲ್ಲೇ ನಮ್ಮಿಬ್ಬರಿಗೆ ಜಗಳ ಶುರುವಾಯಿತು. ಅದು ಅವರು ನಿವೃತ್ತರಾಗುವ ಹೊತ್ತಿಗೂ ತೀರ್ಮಾನವಾಗದೆ ಉಳಿದಿತ್ತು ಎಂದೇ ಕಾಲೇಜಿನಲ್ಲಿ ಎಲ್ಲರೂ ತಿಳಿದಿದ್ದಾರೆ.

ಜಗಳ ಕರ್ನೆಲಿನದು. ಕರ್ನೆಲ್ ಎಂದರೇನೆಂದು ಅವರು ಮೊದಲ ತರಗತಿಯಲ್ಲಿ ಹೇಳುತ್ತಿದ್ದುದು ಹೀಗೆ. ಹೋಟೆಲಿಗೆ ಬಂದ ಗಿರಾಕಿಗಳೆಲ್ಲ ನೇರ ಅಡುಗೆಮನೆಗೆ ನುಗ್ಗಿದರೆ ಒಬ್ಬ ದೋಸೆಯ ಕಾವಲಿಗೆ ಕೈಹಾಕುತ್ತಾನೆ, ಇನ್ನೊಬ್ಬ ಸಾಂಬಾರಿಗೆ. ಅದಕ್ಕೆ ನಡುವೆ ಒಬ್ಬ ಮ್ಯಾನೇಜರ್ ಬೇಕು. ಯಾರ ಆರ್ಡರ್ ಮೊದಲು, ಯಾವ ಒಲೆ ಖಾಲಿ, ಯಾವ ಮೇಜು ಯಾರದು ಎಂಬುದೆಲ್ಲ ಅವನಿಗೆ ಗೊತ್ತಿರಬೇಕು. ಕಂಪ್ಯೂಟರಿನಲ್ಲಿ ನಾವು ನಡೆಸುವ ಪ್ರೋಗ್ರಾಮುಗಳು ಗಿರಾಕಿಗಳು, ಕರ್ನೆಲ್ ಆ ಮ್ಯಾನೇಜರ್. ಗಿರಾಕಿಗಳು ಜಗಳಾಡಿದರೆ ಅವನು ಬಿಡಿಸುತ್ತಾನೆ. ಅವನೇ ತಲೆತಿರುಗಿ ಬಿದ್ದರೆ ಏನಾಯಿತೆಂದು ಹೇಳುವವರು ಯಾರು?

ಕರ್ನೆಲ್ ಬರೆಯುವವರಲ್ಲಿ ಎರಡು ಪಂಗಡಗಳಾಗಿರುವುದು ಈ ಪ್ರಶ್ನೆಗೇ. ತಪ್ಪು ಹುಡುಕುವ ಸಾಧನವನ್ನು ಕರ್ನೆಲಿನೊಳಗೇ ಇಟ್ಟುಬಿಡಿ, ಬಿದ್ದಾಗ ಅಲ್ಲೇ ನಿಲ್ಲಿಸಿ ಒಳಗೆ ಇಣುಕಬಹುದು ಎನ್ನುವವರು ಒಂದು ಕಡೆ. ಬೇಡ, ಇಣುಕುವ ಚಟ ಹತ್ತಿದವರು ಯೋಚಿಸುವುದನ್ನು ಬಿಡುತ್ತಾರೆ ಎನ್ನುವವರು ಇನ್ನೊಂದು ಕಡೆ. ಸರ್ ಈ ಎರಡನೆಯ ಕಡೆಯ ಕಟ್ಟಾಳು. ಆ ಸಾಧನಕ್ಕೆ ಅವರಿಟ್ಟ ಹೆಸರು ‘ಕಿಟಕಿ’. ತಳಪಾಯ ತಾವೇ ಹಾಕಿ, ತರಗತಿಯ ಮಕ್ಕಳೊಂದಿಗೆ ಸೇರಿ ಅವರು ಒಂದು ಪುಟ್ಟ ಕರ್ನೆಲ್ ಬರೆದಿದ್ದರು, ವರ್ಷ ವರ್ಷವೂ ಬಂದ ಮಕ್ಕಳು ಅದಕ್ಕೆ ಒಂದೊಂದು ಕೋಣೆ ಸೇರಿಸುತ್ತಿದ್ದರು. ಕಿಟಕಿ ಮಾತ್ರ ಇಡುವ ಹಾಗಿಲ್ಲ.

ಡಾಕ್ಟರಾದವರು ಸ್ಟೆತಸ್ಕೋಪ್ ಇಟ್ಟು ನೋಡುವುದಿಲ್ಲವೇ ಎಂದು ನಾನು ಒಮ್ಮೆ ವಾದಿಸಿದೆ.

“ನೋಡ್ತಾರೆ,” ಎಂದರು ಸರ್. “ಆದರೆ ಅದನ್ನು ಹೊಟ್ಟೆಯೊಳಗೆ ಇಟ್ಟು ಹೊಲಿಯುವುದಿಲ್ಲ ಮಾರಾಯ್ರೆ.”

ಒಂದು ರಿಯಾಯಿತಿ ಇತ್ತು. ಕರ್ನೆಲ್ ತಾನು ಮಾಡಿದ್ದನ್ನು ತಾನೇ ಒಂದೊಂದು ಸಾಲಿನಲ್ಲಿ ಕೇಬಲಿನ ಮೂಲಕ ಹೊರಗೆ ಹೇಳಬಹುದು. ಕೆಲಸದವನು ಗೊಣಗುವುದಕ್ಕೆ ಅಡ್ಡಿಯಿಲ್ಲ, ಅವನ ಜೇಬಿಗೆ ಕೈಹಾಕಬಾರದು ಎಂದು ಇದರ ತಾತ್ಪರ್ಯ. ಈ ಸಂದಿನಲ್ಲಿ ಮಕ್ಕಳು ಮನಸಾರೆ ತೂರಿಕೊಂಡರು. ಕರ್ನೆಲ್ ತುಳುವಿನಲ್ಲಿ ಗೊಣಗತೊಡಗಿತು. ಒಂದು ಪ್ರೋಗ್ರಾಮು ತನ್ನದಲ್ಲದ ಮೆಮೊರಿಗೆ ಕೈಹಾಕಿದರೆ, “ಉಂದು ನಿನ್ನ ಇಲ್ಲ್ ಅತ್ತ್,” ಇದು ನಿನ್ನ ಮನೆಯಲ್ಲ, ಎಂದು ಇಂಗ್ಲಿಷ್ ಅಕ್ಷರದಲ್ಲಿ ಮೂಡುತ್ತಿತ್ತು. ಧಾರವಾಡದ ಕಡೆಯಿಂದ ಬಂದ ಪರೀಕ್ಷಕರೊಬ್ಬರ ಎದುರಿಗೇ ಇದು ಮೂಡಿ, ಅವರು ಇದಾವ ಭಾಷೆಯ ಎರರ್ ಎಂದು ಕೇಳಿದಾಗ ಮಕ್ಕಳೆಲ್ಲ ನೆಲ ನೋಡಿದರು. ಸರ್ ಒಂದಿಷ್ಟೂ ನಗದೆ, ಅದು ಮೆಮೊರಿ ರಕ್ಷಣೆಯ ಉಲ್ಲಂಘನೆಗೆ ಕರಾವಳಿಯಲ್ಲಿ ಬಳಕೆಯಲ್ಲಿರುವ ಪಾರಿಭಾಷಿಕ ಪದ ಎಂದರು. ಪರೀಕ್ಷಕರು ಅದನ್ನು ಗಂಭೀರವಾಗಿ ಬರೆದುಕೊಂಡರು. ಈಗಲೂ ಆ ಕಡೆಯ ಯಾವುದೋ ತರಗತಿಯಲ್ಲಿ ಅದು ಪಾಠವಾಗುತ್ತಿರಬಹುದು ಎಂದು ನೆನೆದರೆ ನನಗೆ ಸುಖವಾಗುತ್ತದೆ.

ಇನ್ನು ಆ ಪ್ರಸಿದ್ಧ ಧ್ಯಾನ. ಕರ್ನೆಲ್ ಕೈಕೊಟ್ಟು, ಮಕ್ಕಳು ತಲೆ ಚಚ್ಚಿಕೊಂಡು, ನಾನೂ ಸೋತ ಮೇಲೆ ಸರ್ ಬರುತ್ತಿದ್ದರು. ತಮ್ಮ ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸುತ್ತಿದ್ದರು. ಆಮೇಲೆ ನಮ್ಮನ್ನೆಲ್ಲ ನೋಡಿ, “ಕ್ಯಾಂಟೀನಿನಲ್ಲಿ ಬಿಸಿ ಬನ್ಸ್ ಉಂಟಂತೆ. ತಿಂದು ಬನ್ನಿ,” ಎನ್ನುತ್ತಿದ್ದರು. ಮಂಗಳೂರು ಬನ್ಸಿಗೆ ಬೇಡ ಎನ್ನುವ ವಿದ್ಯಾರ್ಥಿ ಇನ್ನೂ ಹುಟ್ಟಿಲ್ಲ. ತಿಂದು ಬಂದಾಗ ಅವರು ಲ್ಯಾಪ್‌ಟಾಪ್ ಮುಚ್ಚಿ, ಕಣ್ಣನ್ನೂ ಮುಚ್ಚಿ, ಕುರ್ಚಿಯಲ್ಲಿ ಒರಗಿರುತ್ತಿದ್ದರು. ಯಾರೂ ಉಸಿರೆತ್ತುವಂತಿಲ್ಲ. ಸ್ವಲ್ಪ ಹೊತ್ತಿಗೆ, ಇಂಥ ಕಡೆ ಒಂದು ಬೀಗ ಹಾಕಿ ತೆಗೆಯಲು ಮರೆತಿದ್ದೀರಿ ನೋಡಿ, ಎಂದು ಕಣ್ಣು ತೆರೆಯದೆಯೇ ಹೇಳುತ್ತಿದ್ದರು. ನೋಡಿದರೆ ಹೌದು, ಅಲ್ಲೇ. ಮಕ್ಕಳು ದೇವರನ್ನು ಕಂಡ ಹಾಗೆ ಅವರನ್ನು ನೋಡುತ್ತಿದ್ದರು. ನಾನು ಕೂಡ ಬಾಯಲ್ಲಿ ವಾದಿಸುತ್ತ, ಮನಸ್ಸಿನಲ್ಲಿ ಶರಣಾಗಿದ್ದೆ. ಬನ್ಸ್ ಯಾಕೆ ಯಾವಾಗಲೂ ಅದೇ ಹೊತ್ತಿಗೆ ಬಿಸಿಯಾಗಿರುತ್ತದೆ ಎಂದು ಮಾತ್ರ ನನಗೆ ಹೊಳೆಯಲಿಲ್ಲ.

ಹೀಗಿರುವಾಗ ನಮ್ಮ ಕರ್ನೆಲಿಗೆ ನಿಜವಾದ ಕೆಲಸ ಬಂತು. ಬಂಟ್ವಾಳದ ಕೆಳಪೇಟೆಗೆ ನೇತ್ರಾವತಿ ಮಳೆಗಾಲದಲ್ಲಿ ಕರೆಯದೆ ಬರುವ ನೆಂಟಳು. ಅವಳು ಬರುವ ಮುಂಚೆ ಅಂಗಡಿಯ ಸರಕನ್ನು ಅಟ್ಟಕ್ಕೆ ಸಾಗಿಸಿದವನು ಬಚಾವು, ತಡ ಮಾಡಿದವನು ಮುಳುಗಿದ. ಹಿಂದೆಲ್ಲ ಹೊಳೆಬದಿಯ ಹಿರಿಯರೊಬ್ಬರು ನೀರು ನೋಡಿ ಪೇಟೆಯುದ್ದ ಕೂಗುತ್ತ ಬರುತ್ತಿದ್ದರಂತೆ. ಅವರಿಗೆ ವಯಸ್ಸಾಯಿತು, ಕೂಗು ಕೇಳಿಸದಾಯಿತು. ಸರ್ ಒಂದು ಪೆಟ್ಟಿಗೆ ಮಾಡಿಕೊಟ್ಟರು. ಹೊಳೆಯ ಮೆಟ್ಟಿಲಲ್ಲಿ ನೀರಿನ ಮಟ್ಟ ತಿಳಿಯುವ ಒಂದು ಕೋಲು, ಅಕ್ಕನ ಬಟ್ಟೆ ಅಂಗಡಿಯ ಜಗಲಿಯಲ್ಲಿ ಪೆಟ್ಟಿಗೆ, ಹಂಚಿನ ಮಾಡಿನ ಮೇಲೆ ಸೈರನ್. ಪೆಟ್ಟಿಗೆಯೊಳಗೆ ನಮ್ಮ ಕರ್ನೆಲ್. ನೀರು ಗುರುತು ದಾಟಿದರೆ ಇಡೀ ಪೇಟೆಗೆ ಕೇಳುವಂತೆ ಕೂಗಬೇಕು. ಸರಿಯಾಗಿದೆಯೇ ಎಂದು ನೋಡಲು ಅಕ್ಕ ದಿನಾ ಬೆಳಿಗ್ಗೆ ಅಂಗಡಿ ತೆರೆದು ದೀಪ ಹಚ್ಚಿ ಒಂದು ಗುಂಡಿ ಒತ್ತುತ್ತಿದ್ದರು. ಅದು ಸಣ್ಣಗೆ ಒಮ್ಮೆ ಕೂಗಿದರೆ ಪೇಟೆಯ ದಿನ ಶುರುವಾಯಿತು ಎಂದು ಲೆಕ್ಕ.

ಒಂದು ಮಳೆಗಾಲ ಚೆನ್ನಾಗಿ ಕೂಗಿತು. ಸರ್ ಪೇಟೆಯಲ್ಲಿ ನಡೆದರೆ ಅಂಗಡಿ ಅಂಗಡಿಯಲ್ಲೂ ಚಹಾಕ್ಕೆ ಕರೆಯುವಂತಾಯಿತು. ಎರಡನೆಯ ಮಳೆಗಾಲದ ಮೊದಲ ನೆರೆಗೆ ಪೆಟ್ಟಿಗೆ ಬಾಯಿ ಬಿಡಲಿಲ್ಲ. ಅದೃಷ್ಟಕ್ಕೆ ಹಗಲಾಗಿತ್ತು, ಕಣ್ಣಿಗೆ ಕಂಡಿತು, ಆದರೂ ಕೆಳಗಿನ ಅಂಗಡಿಗಳಲ್ಲಿ ಅಕ್ಕಿಮೂಟೆಗಳು ನೆನೆದವು. ಸರ್ ಓಡಿಹೋಗಿ, ಕೇಬಲ್ ಸಿಕ್ಕಿಸಿ, ಕಣ್ಣು ಮುಚ್ಚಿದ್ದೇ ತಡ, ಪೆಟ್ಟಿಗೆ ಕೂಗಿತು. ಮತ್ತೆ ಕೆಲವು ವಾರಕ್ಕೆ ಬೆಳಗಿನ ಗುಂಡಿಗೆ ಉತ್ತರವಿಲ್ಲ. ಮತ್ತೆ ಸರ್ ಹೋದರು, ಮತ್ತೆ ಕೂಗಿತು. ಇವನನ್ನು ಕಂಡರೆ ಮಾತ್ರ ಬೊಗಳುತ್ತದೆ, ನಮ್ಮ ಮನೆಯ ನಾಯಿಯೂ ಹಾಗೇ ಎಂದು ಅಕ್ಕ ಹೇಳಿದ್ದು ಪೇಟೆಯಲ್ಲೆಲ್ಲ ಹಬ್ಬಿತು. ಪೇಟೆಯವರ ಮುಖಂಡರಾದ ಹಾರ್ಡ್‌ವೇರ್ ಅಂಗಡಿಯ ಧಣಿಗಳು ಮರ್ಯಾದೆಯಿಂದಲೇ, ಆದರೆ ಖಂಡಿತವಾಗಿ ಹೇಳಿದರು. ಇನ್ನೊಂದು ನೆರೆಗೆ ಇದು ಸುಮ್ಮನಿದ್ದರೆ ಕೆಳಗಿಳಿಸುವುದು. ಕೂಗದ ಪೆಟ್ಟಿಗೆ ಇರುವುದಕ್ಕಿಂತ ಪೆಟ್ಟಿಗೆ ಇಲ್ಲದಿರುವುದು ಮೇಲು, ಆಗ ಕಣ್ಣಾದರೂ ಹೊಳೆಯ ಕಡೆ ಇರುತ್ತದೆ.

ಅವರ ಮಾತು ಸರಿಯಾಗಿತ್ತು. ಅದಕ್ಕೇ ಸರ್‌ಗೆ ಅದು ತಾಗಿತು. ಹುಟ್ಟಿದ ಊರಿನ ಬೀದಿಯಲ್ಲಿ ತನ್ನ ಕೆಲಸವನ್ನು ಸ್ಕ್ರೂ ಬಿಚ್ಚಿ ಇಳಿಸುವುದೆಂದರೆ ಸಾಮಾನ್ಯ ಅವಮಾನವಲ್ಲ. ಅದೂ ಅಕ್ಕನ ಅಂಗಡಿಯ ಜಗಲಿಯಿಂದ. ಆ ದಿನಗಳಲ್ಲಿ ಅವರು ಮೇಜು ಒರೆಸುವುದನ್ನೂ ಮರೆಯುತ್ತಿದ್ದರು. ಒಂದು ಸಂಜೆ ಕಾಲೇಜಿನ ಹತ್ತಿರದ ತೋಡಾರಿನ ಬಸ್ ಸ್ಟ್ಯಾಂಡಿನಲ್ಲಿ ಕೊಡೆ ಊರಿ ನಿಂತಿದ್ದಾಗ ನನ್ನ ಕಡೆ ನೋಡದೆಯೇ ಹೇಳಿದರು.

“ಅದು ಯಾಕೆ ನಿಲ್ತದೆ ಅಂತ ನನಗೆ ಗೊತ್ತಿಲ್ಲ. ನಾನು ಹೋದ ಕೂಡ್ಲೆ ಸರಿಯಾಗ್ತದೆ. ಸರಿಯಾದದ್ದರಲ್ಲಿ ತಪ್ಪು ಹುಡುಕುವುದು ಹೇಗೆ?”

ಈಗಲಾದರೂ ಕರ್ನೆಲಿನಲ್ಲಿ ಕಿಟಕಿ ಇಡುವ ಎಂದು ನಾನು ಹೇಳಿದೆ. ಅವರು ಬಸ್ಸು ಬಂತೆಂದು ಹತ್ತಿದರು. ಅದು ಬಂಟ್ವಾಳಕ್ಕೆ ಹೋಗುವ ಬಸ್ಸಾಗಿರಲಿಲ್ಲ.

ಮುಂದಿನ ಆಟಿ ತಿಂಗಳಲ್ಲಿ, ಮಳೆ ಜಡಿಯುವ ಹೊತ್ತಿಗೇ, ಅವರಿಗೆ ಮಂಗಳೂರಿನಲ್ಲಿ ಕಣ್ಣಿನ ಪೊರೆ ತೆಗೆದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದನ್ನು ಆಯಾಸ ಮಾಡಬಾರದೆಂದು ಡಾಕ್ಟರರ ಕಟ್ಟಪ್ಪಣೆ. ಜೀವನದಲ್ಲಿ ಮೊದಲ ಬಾರಿಗೆ ನಿಜವಾಗಿ ಕಣ್ಣು ಮುಚ್ಚಿ ಕೂತಿದ್ದಾರೆ ಎಂದು ನಾವು ನಗಾಡಿಕೊಂಡೆವು. ಮರುದಿನ ಬೆಳಿಗ್ಗೆ ಅಕ್ಕನ ಫೋನು ಬಂತು. ಘಟ್ಟದಲ್ಲಿ ಸುರಿದು ಸುರಿದು ಹೊಳೆ ಕೆಂಪಾಗಿ ಏರುತ್ತಿದೆ, ಗುಂಡಿ ಒತ್ತಿದರೆ ಪೆಟ್ಟಿಗೆ ಕಲ್ಲಿನ ಹಾಗೆ ಕೂತಿದೆ.

ನಾನು ಮೂರನೆಯ ವರ್ಷದ ಕೆಲವು ಮಕ್ಕಳನ್ನು ಕಾಲೇಜಿನ ವ್ಯಾನಿನಲ್ಲಿ ತುಂಬಿಕೊಂಡು ಸಿದ್ದಕಟ್ಟೆಯ ಮಾರ್ಗವಾಗಿ ಬಂಟ್ವಾಳಕ್ಕೆ ಇಳಿದೆ. ಪೇಟೆಯ ಒಂದರ್ಧ ಸರಕು ಸಾಗಿಸುತ್ತಿತ್ತು. ಇನ್ನರ್ಧ, ಸೈರನ್ ಆಗಲಿಲ್ಲವಲ್ಲ, ನೀರು ಬರಲಿಕ್ಕಿಲ್ಲ ಎಂದು ಚಹಾ ಕುಡಿಯುತ್ತಿತ್ತು. ನನಗೆ ಹೆದರಿಕೆಯಾದದ್ದು ಹೊಳೆಯನ್ನು ಕಂಡಲ್ಲ, ಈ ಚಹಾ ಕುಡಿಯುವವರನ್ನು ಕಂಡು. ಹಾರ್ಡ್‌ವೇರ್ ಅಂಗಡಿಯ ಧಣಿಗಳು ಜಗಲಿಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕಾದಿದ್ದರು. ಸ್ವಲ್ಪ ತಡೆಯಿರಿ ಎಂದು ಅವರಲ್ಲಿ ಬೇಡಿ, ಮಕ್ಕಳಿಗೂ ಕೇಳಲೆಂದು ಸ್ಪೀಕರ್ ಹಾಕಿ ಸರ್‌ಗೆ ಫೋನು ಮಾಡಿದೆ. ಯೋಚನೆ ಮಾಡಿ, ಕೊನೆಗೆ ಏನು ಕೆಲಸ ಮಾಡುತ್ತಿತ್ತು ಎಂದು ಯೋಚನೆ ಮಾಡಿ ಎಂದು ಅವರು ಪಾಠ ಶುರುಮಾಡಿದರು. ಮಕ್ಕಳು ಭಕ್ತಿಯಿಂದ ತಲೆಯಾಡಿಸಿದರು.

“ಸರ್, ನೀರು ಕಟ್ಟೆಯ ಕೊನೇ ಮೆಟ್ಟಿಲಲ್ಲಿ ಉಂಟು,” ಎಂದೆ. “ಅಕ್ಕ ಸೀರೆಯ ಗಂಟು ಹೊತ್ತು ಏಣಿ ಹತ್ತುತ್ತಾ ಇದ್ದಾರೆ. ಯೋಚನೆಗೆ ಸಮಯ ಇಲ್ಲ.”

ಆ ಕಡೆಯಿಂದ ಆಸ್ಪತ್ರೆಯ ಯಾವುದೋ ಟ್ರಾಲಿ ಉರುಳುವ ಸದ್ದು ಕೇಳಿಸಿತು.

“ಸ್ಪೀಕರ್ ಹಾಕಿದ್ದೀರಾ?”

“ಹೌದು.”

“ತೆಗೀರಿ.”

ತೆಗೆದು ಫೋನನ್ನು ಕಿವಿಗೆ ಒತ್ತಿಕೊಂಡೆ. ಅವರ ಸ್ವರ ಇಳಿದಿತ್ತು.

“ಕಿಟಕಿ ಉಂಟು.”

“ಎಲ್ಲಿ?”

“ಕರ್ನೆಲಿನ ಒಳಗೆ. ಮೊದಲಿಂದಲೂ ಉಂಟು. ನಾನೇ ಇಟ್ಟದ್ದು.”

ಬನ್ಸ್‌ಗಳೆಲ್ಲ ಒಮ್ಮೆಗೇ ನನ್ನ ಕಣ್ಣ ಮುಂದೆ ಬಂದವು. ಬಿಸಿ ಬಿಸಿ, ಒಂದೊಂದೂ. ಬೈಯಬೇಕೆನಿಸಿತು, ನಗಬೇಕೆನಿಸಿತು, ಎರಡಕ್ಕೂ ಪುರುಸೊತ್ತಿರಲಿಲ್ಲ. ಕೇಬಲ್ ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ ಪರದೆ ತೆರೆದು, ಆಮೇಲೆ ಇಂತಿಂಥ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು ಎಂದು ಅವರು ಹೇಳತೊಡಗಿದರು. ನಾನು ಕೇಬಲ್ ಸಿಕ್ಕಿಸಿದೆ. ಪರದೆ ತೆರೆದೆ. ಕೀಲಿಗಳ ಮೇಲೆ ಕೈ ಇಡುವ ಮೊದಲೇ ಪರದೆಯ ಮೇಲೆ ಸಾಲುಗಳು ಧೋ ಎಂದು ಸುರಿದವು. ಗುಂಡಿ ಒತ್ತಿದ್ದು, ಮಟ್ಟ ನೋಡಿದ್ದು, ಕೋಲು ಅಲುಗಿದ್ದು, ಎಷ್ಟೋ ದಿನಗಳ ಗೊಣಗಾಟ. ಕೊನೆಗೆ, “ನೀರ್ ಬತ್ತ್ಂಡ್,” ನೀರು ಬಂತು, ಎಂಬ ಸಾಲು. ಅದು ಮೂಡಿದ್ದೇ ತಲೆಯ ಮೇಲೆ ಸೈರನ್ ಅರಚಿತು.

ಅದರ ಕೆಳಗೇ ನಿಂತಿದ್ದ ನಾನು ಬೆಚ್ಚಿ, ಒಂದು ಕೈಯಲ್ಲಿ ಕಿವಿ, ಇನ್ನೊಂದರಲ್ಲಿ ಫೋನು ಒತ್ತಿಕೊಂಡು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ತೆರೆದಾಗ ಮಕ್ಕಳು ನನ್ನನ್ನು ನೋಡುತ್ತಿದ್ದ ರೀತಿ ಬೇರೆಯಾಗಿತ್ತು. ಒಬ್ಬಳು ಪಿಸುಗುಟ್ಟಿದಳು, ಮೇಡಂಗೂ ಬರುತ್ತದೆ ಮಾರಾಯ್ತಿ. ಚಹಾ ಕುಡಿಯುತ್ತಿದ್ದವರು ಲೋಟ ಬಿಟ್ಟು ಓಡಿದರು. ಮಧ್ಯಾಹ್ನದ ಹೊತ್ತಿಗೆ ನೇತ್ರಾವತಿ ಕೆಳಪೇಟೆಯೊಳಗೆ ಬಂದಾಗ ಅವಳಿಗೆ ಸಿಕ್ಕಿದ್ದು ಖಾಲಿ ನೆಲವೂ ಬೆಂಚುಗಳೂ ಮಾತ್ರ. ಧಣಿಗಳು ತಂದ ಸ್ಕ್ರೂಡ್ರೈವರ್ ದಂಡವಾಗಲಿಲ್ಲ, ಏಣಿ ಹತ್ತಿ ಸೈರನಿನ ಸಡಿಲವಾಗಿದ್ದ ಒಂದು ಸ್ಕ್ರೂವನ್ನು ತಾವೇ ಬಿಗಿ ಮಾಡಿದರು.

ಏನಾಗಿತ್ತೆಂದು ನನಗೆ ತಿಳಿದದ್ದು ಸಂಜೆ ಆ ಸಾಲುಗಳನ್ನು ಓದಿದಾಗ. ನಮ್ಮ ಕರ್ನೆಲ್ ಏನನ್ನೇ ಮಾಡುವ ಮೊದಲು ಅದನ್ನೊಂದು ಸಾಲಿನಲ್ಲಿ ಹೇಳುತ್ತಿತ್ತು. ಕೇಬಲಿನ ಆ ತುದಿಯಲ್ಲಿ ಕೇಳುವವರಿಲ್ಲದಿದ್ದರೆ ಮಾತನ್ನು ಗಂಟಲಲ್ಲಿ ಕೂಡಿಡುತ್ತಿತ್ತು, ಗಂಟಲು ತುಂಬಿದರೆ ಯಾರಾದರೂ ಕೇಳಿಸಿಕೊಂಡ ಮೇಲೆಯೇ ಮುಂದಿನ ಕೆಲಸ. ಕಿಟಕಿಗಾಗಿ ಸರ್ ಮಾಡಿದ ಏರ್ಪಾಡು ಅದು, ಒಂದು ಮಾತೂ ಕಳೆಯಬಾರದೆಂದು. ಲ್ಯಾಬಿನಲ್ಲಿ ಕೇಬಲ್ ಯಾವಾಗಲೂ ಇರುತ್ತಿತ್ತು, ಯಾರಿಗೂ ಗೊತ್ತಾಗಲಿಲ್ಲ. ಮೊದಲ ವರ್ಷ ಪೆಟ್ಟಿಗೆ ಮಿತಭಾಷಿಯಾಗಿತ್ತು. ಮರುವರ್ಷ ಬಂದ ಮಕ್ಕಳು ಗೊಣಗಾಟ ಜಾಸ್ತಿ ಮಾಡಿಸಿದರು. ಜಗಲಿಯಲ್ಲಿ ಕೇಳುವವರಿಲ್ಲ. ಹೇಳದ ಮಾತುಗಳು ಕೂಡುತ್ತ ಕೂಡುತ್ತ ಗಂಟಲು ತುಂಬಿ, ನೀರು ಬಂತು ಎಂಬ ಮಾತು ಅವುಗಳ ಹಿಂದೆ ಸರದಿಯಲ್ಲಿ ನಿಂತುಬಿಡುತ್ತಿತ್ತು. ಸರ್ ಹೋಗಿ ಕೇಬಲ್ ಸಿಕ್ಕಿಸಿದ ಕೂಡಲೇ ಮಾತು ಹರಿದು ಗಂಟಲು ಖಾಲಿಯಾಗುತ್ತಿತ್ತು. ಅಕ್ಕನೇ ಸರಿ. ಅದು ಅವರನ್ನು ಕಂಡರೆ ಮಾತ್ರ ಬೊಗಳುತ್ತಿತ್ತು.

ನೀರು ಇಳಿದ ಮೇಲೆ ಆಸ್ಪತ್ರೆಗೆ ಹೋದಾಗ ಸರ್ ಕಪ್ಪು ಕನ್ನಡಕ ಹಾಕಿ ಮಂಚದ ಮೇಲಿದ್ದರು, ಪಕ್ಕದಲ್ಲಿ ಅಕ್ಕ. ನನ್ನ ಹೆಜ್ಜೆ ಕೇಳಿಯೇ, “ಬತ್ತರಾ? ಕುಲ್ಲುಲೆ,” ಎಂದರು. ಕೂತೆ. ಬಂದ ದಾರಿಯುದ್ದಕ್ಕೂ ಕೂಡಿಹಾಕಿದ್ದ ಬೈಗುಳವೆಲ್ಲ ಕೂತ ಮೇಲೆ ಎಲ್ಲಿ ಹೋಯಿತೋ. ಆದದ್ದನ್ನು ಹೇಳಿದೆ. ಕೇಳುತ್ತ ಕೇಳುತ್ತ ಅವರು ಹೊಟ್ಟೆ ಕುಲುಕಿಸಿ ನಗತೊಡಗಿದರು. ಕಣ್ಣಲ್ಲಿ ನೀರು ಬರಬಾರದು ಎಂದು ಅಕ್ಕ ಗದರಿದರೂ ನಿಲ್ಲಲಿಲ್ಲ.

ಇಷ್ಟು ವರ್ಷ ನೀವು ಹೇಳಿದ್ದೇ ಸರಿ ಸರ್, ಕರ್ನೆಲಿನಲ್ಲಿ ಕಿಟಕಿ ಇಡಬಾರದು, ಇಟ್ಟಿದ್ದಕ್ಕೇ ಹೀಗಾಯಿತು, ತೆಗೆದುಬಿಡುವ, ಎಂದು ನಾನು ಕೆಣಕಿದೆ.

“ತೆಗೆಯುವುದಾ? ಕಿಟಕಿ ಇಲ್ಲದಿದ್ದರೆ ಇದು ಗೊತ್ತಾಗ್ತಿತ್ತಾ?” ಎಂದು ಅವರು ಎದ್ದೇ ಕೂತರು. ಇಡೀ ಜೀವಮಾನದ ಎದುರಾಳಿ ಒಂದೇ ಉಸಿರಿಗೆ ನನ್ನ ಪಂಗಡಕ್ಕೆ ಹಾರಿದ್ದರು, ನಾನು ಅವರದ್ದಕ್ಕೆ. ಇಬ್ಬರಿಗೂ ಅದು ಗೊತ್ತಾಗಿ ಮತ್ತೆ ನಕ್ಕೆವು. ಮಕ್ಕಳಿಂದ ಯಾಕೆ ಬಚ್ಚಿಟ್ಟಿರಿ ಎಂದು ನಗು ಇಳಿದ ಮೇಲೆ ಕೇಳಿದೆ. ಅವರ ಕಿಟಕಿಗೆ ಒಂದು ಕಟ್ಟಳೆಯಿತ್ತಂತೆ. ತೆರೆದ ಕೂಡಲೇ ಅದು, ತಪ್ಪು ಎಲ್ಲಿರಬಹುದೆಂದು ನಿಮ್ಮ ಅಂದಾಜು, ಎಂದು ಕೇಳುತ್ತದೆ. ಏನಾದರೂ ಬರೆಯದೆ ಮುಂದೆ ಬಿಡುವುದಿಲ್ಲ. ನಾನು ಯೋಚಿಸಿಯೇ ಇಣುಕುತ್ತಿದ್ದೆ ಎಂದರು. ಮಕ್ಕಳು ಬರೇ ‘ಗೊತ್ತಿಲ್ಲ’ ಅಂತ ಬರೆದು ಒಳಗೆ ನುಗ್ಗುತ್ತಾರೆ ಎಂದು ಹೆದರಿಕೆಯಿತ್ತಂತೆ. ಆಮೇಲೆ, ನಾನು ಕಣ್ಣು ಮುಚ್ಚಿ ಹೇಳಿದಾಗ ಮಕ್ಕಳು ನೋಡುವ ಆ ನೋಟ ಉಂಟಲ್ಲ, ಅದು ಕೂಡ ಬೇಕಿತ್ತು, ಎಂದರು. ಅಷ್ಟು ನಿಜವನ್ನು ಅಷ್ಟು ಸಣ್ಣ ಸ್ವರದಲ್ಲಿ ಹೇಳಿದ ಬೇರೆ ಗಂಡಸನ್ನು ನಾನು ಕಂಡಿಲ್ಲ. ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಹುಟ್ಟಿದ ಪ್ರೀತಿ ಇನ್ನೂ ಹಾಗೇ ಇದೆ.

ತಿದ್ದುಪಡಿಯನ್ನು ಅವರು ಹೇಳಿದರು, ನಾನು ಬರೆದೆ. ಕೇಳುವವರು ಇಲ್ಲದಿದ್ದರೆ ಮಾತು ಬಿಟ್ಟುಬಿಡು, ಕೆಲಸ ನಿಲ್ಲಿಸಬೇಡ. ಕೋಡಿನಲ್ಲಿ ಸಣ್ಣ ಸಂಗತಿ. ಯಾರಾದರೂ ಕೇಬಲ್ ಸಿಕ್ಕಿಸಿದಾಗ ಮೊದಲು ಬರಬೇಕಾದ ಒಂದು ಸಾಲನ್ನು ಆಮೇಲೆ ತಾವೇ ಸೇರಿಸುತ್ತೇನೆಂದರು. ಹೊರಡುವಾಗ ನಾನು, ಕಾಲೇಜಿನಲ್ಲಿ ಎಲ್ಲರಿಗೂ ಕಿಟಕಿಯ ವಿಷಯ ಹೇಳಿಬಿಡುತ್ತೇನೆ ಎಂದು ಹೆದರಿಸಿದೆ.

“ನಾನು ಸತ್ತ ಮೇಲೆ ಹೇಳಿ. ಸತ್ತವನ ಮರ್ಯಾದೆ ತೆಗೆದರೆ ಅವನಿಗೆ ಎಂತ ನಷ್ಟ?” ಎಂದರು.

ಅಪ್ಪಣೆ ಎಂದದ್ದು ಅದನ್ನೇ. ಅಷ್ಟು ಬೇಗ ಅಪ್ಪಣೆ ಬಳಸುವ ದಿನ ಬಂದೇಬಿಡುತ್ತದೆಂದು ಇಬ್ಬರೂ ಎಣಿಸಿರಲಿಲ್ಲ. ನಿವೃತ್ತಿಯ ನಂತರ ಅವರು ದಿನಾ ಅಕ್ಕನ ಅಂಗಡಿಯ ಜಗಲಿಯಲ್ಲಿ ಪೆಟ್ಟಿಗೆಯ ಪಕ್ಕ ಕೂತು, ಸೀರೆ ಕೊಳ್ಳಲು ಬಂದವರನ್ನು ಕೂರಿಸಿ ಮಾತಾಡಿಸುತ್ತಿದ್ದರು. ಕಳೆದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನನ್ನ ಫೋನಿನಲ್ಲಿ ಅವರ ನಂಬರು ಇನ್ನೂ ಇದೆ. ಕರ್ನೆಲ್ ಕೈಕೊಟ್ಟಾಗಲೆಲ್ಲ ಬೆರಳು ಅಲ್ಲಿಗೆ ಹೋಗಿ ಹಿಂದೆ ಬರುತ್ತದೆ. ಅದೇನು ನೋವೆಂದು ಹೇಳಲು ಯಾವ ಪಾರಿಭಾಷಿಕ ಪದವೂ ಇಲ್ಲ.

ಈ ಸಲ ಮಳೆ ಹಿಡಿಯುವ ಮೊದಲು ಪೆಟ್ಟಿಗೆ ನೋಡಿ ಬರಲು ಬಂಟ್ವಾಳಕ್ಕೆ ಹೋದೆ. ಅಕ್ಕ ಗುಂಡಿ ಒತ್ತಿದರು, ಕೂಗಿತು. ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ಆದರೂ ಜಗಲಿಯಲ್ಲಿ ನಿಂತುಕೊಂಡೇ ಕೇಬಲ್ ಸಿಕ್ಕಿಸಿ, ಅವರ ಖಾಲಿ ಕುರ್ಚಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು ತೆರೆದೆ. ಚಳಿಗಾಲದಿಂದ ಈಚೆಗೆ ಪೆಟ್ಟಿಗೆ ಹೇಳಿದ್ದೆಲ್ಲವೂ ಕೇಳುವವರಿಲ್ಲದೆ ಹೋಗಿಬಿಟ್ಟಿತ್ತು, ಅವರು ಬರೆಸಿದ ಹಾಗೆಯೇ. ಪರದೆ ಖಾಲಿಯಿತ್ತು. ಆಮೇಲೆ ಒಂದು ಸಾಲು ಮೂಡಿತು.

ನಾನು ಬಹಳ ಹೊತ್ತು ಅದನ್ನೇ ನೋಡುತ್ತಿದ್ದೆನೆಂದು ಕಾಣುತ್ತದೆ. ಅಕ್ಕ ಚಹಾದ ಲೋಟ ಹಿಡಿದು ಪಕ್ಕಕ್ಕೆ ಬಂದರು. ಅವರಿಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ.

“ಎಂತ ಹೇಳ್ತಾನೆ?”

“ಬತ್ತರಾ, ಕುಲ್ಲುಲೆ, ಅಂತ.”

ಅಕ್ಕ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಲ್ಯಾಪ್‌ಟಾಪನ್ನು ಕುರ್ಚಿಯಿಂದೆತ್ತಿ ಸೀರೆಯ ಗಂಟಿನ ಮೇಲಿಟ್ಟರು. ಸೆರಗಿನಲ್ಲಿ ಕುರ್ಚಿಯನ್ನು ಒಂದೇ ಬೀಸಿಗೆ ಒರೆಸಿದರು.

“ಮತ್ತೆ ನೀವು ನಿಂತದ್ದು ಎಂತಕ್ಕೆ?” ಎಂದರು.